ಬೇಸಿಗೆಯಲ್ಲಿ ಹರಿದ ಕೋಡಿ

ಲಾಕ್‌ಡೌನ್ ಮುಗಿದ ಮೇಲಿನ ಎರಡನೆಯ ಬೇಸಿಗೆ. ಕೆರೆಗಳ ವಿಭಾಗದಲ್ಲಿ ನಾನು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ಇಷ್ಟುದ್ದದ ಹುದ್ದೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ, ಅದರಲ್ಲಿ ಅಧಿಕಾರ ಎಷ್ಟಿದೆ ಎಂಬುದು ಎದುರಿಗಿದ್ದವರಿಗೆ ಹೊಳೆದುಬಿಟ್ಟಿರುತ್ತಿತ್ತು. ನನ್ನ ಮನೆ ಹಲಸೂರಿನಲ್ಲಿ, ನನ್ನ ಸುಪರ್ದಿನ ಕೆರೆ ಕೆ.ಆರ್. ಪುರದ ಆಚೆ. ಕೆರೆಯ ಹೆಸರು ಬರೆಯುವುದಿಲ್ಲ. ಅದು ಈಗಾಗಲೇ ಸಾಕಷ್ಟು ಅನುಭವಿಸಿದೆ.

ಕೆರೆಯ ಒಂದು ದಡದಲ್ಲಿ ಹಳೆಯ ಊರು, ಇನ್ನೊಂದು ದಡದಲ್ಲಿ ಅಪಾರ್ಟ್‌ಮೆಂಟುಗಳು, ನಡುವೆ ಕರಿಜಾಲಿ ಮರಗಳ ಸಣ್ಣ ದ್ವೀಪ. ಆ ಮರಗಳಲ್ಲಿ ಪ್ರತಿ ಬೇಸಿಗೆಯೂ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತಿದ್ದವು. ಕೊಕ್ಕಿನ ಕೆಳಗೆ ಚೀಲ ತೂಗಿಕೊಂಡು, ಪೆನ್ಷನ್‌ಗೆ ಕಾದವರಂತೆ ಕೂರುವ ದೊಡ್ಡ ಹಕ್ಕಿಗಳು. ಅಪಾರ್ಟ್‌ಮೆಂಟಿನವರಿಗೆ ಕೆರೆ ಬ್ರೋಷರ್‌ನ ಚಿತ್ರದಂತೆ ಸದಾ ತುಂಬಿರಬೇಕಿತ್ತು. ಊರಿನವರಿಗೆ ಕೋಡಿ ಹರಿಯಬೇಕಿತ್ತು, ಎಂದರೆ ತುಂಬಿದ ಕೆರೆ ತನ್ನ ಕಲ್ಲುಕಟ್ಟೆಯ ಮೇಲೆ ಉಕ್ಕಿ ಹೊರಗೆ ಹೋಗಬೇಕಿತ್ತು. ಮೀನು ಹಿಡಿಯುವ ಗುತ್ತಿಗೆಯ ಅನ್ಬುವಿಗೆ ಮೀನು ಬೇಕಿತ್ತು. ಹೆಜ್ಜಾರ್ಲೆಗಳಿಗೂ ಅದೇ ಮೀನು ಬೇಕಿತ್ತು, ಆದರೆ ಅವು ಯಾರಿಗೂ ಅರ್ಜಿ ಕೊಟ್ಟಿರಲಿಲ್ಲ.

ಕೆರೆಗೆ ಬರುತ್ತಿದ್ದ ಚರಂಡಿ ನೀರನ್ನು ನಾವು ಬೈಪಾಸ್ ಕಾಲುವೆ ಕಟ್ಟಿ ಪಕ್ಕಕ್ಕೆ ಸಾಗಿಸಿದ್ದೆವು. ಕಾಲುವೆಯ ತಲೆಯಲ್ಲಿ ಒಂದು ಕಬ್ಬಿಣದ ಗೇಟು. ಮುಚ್ಚಿದ್ದರೆ ಕೊಳಕು ಕಾಲುವೆಗೆ, ಎತ್ತಿದರೆ ಕೆರೆಗೆ. ಗೇಟನ್ನು ತಿರುಗಿಸಲು ಮೊಳದುದ್ದದ ಒಂದು ಕಬ್ಬಿಣದ ಕೀಲಿ. ಕಿಡಿಗೇಡಿಗಳು ರೆಂಚ್ ಹಾಕಿ ತಿರುಗಿಸಬಾರದೆಂದು ಗೇಟಿನ ಸ್ಪಿಂಡಲ್ಲನ್ನು, ಎಂದರೆ ಕೀಲಿ ಕೂರುವ ತಿರುಪನ್ನು, ಆಳವಾದ ಗೂಡಿನೊಳಗೆ ಇಡಿಸಿದ್ದು ನಾನೇ. ಆ ಏರ್ಪಾಟಿಗೆ ಮೇಲಿನವರಿಂದ ಮೆಚ್ಚುಗೆಯೂ ಬಂದಿತ್ತು.

ಕೀಲಿ ಮಾತ್ರ ಮುನಿಯಪ್ಪನವರ ಮನೆಯಲ್ಲಿರುತ್ತಿತ್ತು. ಅವರದು ತಲೆತಲಾಂತರದಿಂದ ಊರಿನ ನೀರಗಂಟಿ ಮನೆತನ. ಗದ್ದೆಗೆ ನೀರು ಬಿಡುವ ಹಕ್ಕು ಅವರದು. ಗದ್ದೆಗಳು ಹೋಗಿ ಪಿ.ಜಿ. ಕಟ್ಟಡಗಳು ಎದ್ದಿದ್ದವು, ಹಕ್ಕು ಉಳಿದಿತ್ತು. ಹೊಸ ಗೇಟು ಬಂದಾಗ ಅದರ ಕೀಲಿಯೂ ತಮ್ಮ ದೇವರ ಮನೆಯಲ್ಲೇ ಇರಬೇಕೆಂದು ಊರು ಪಟ್ಟು ಹಿಡಿಯಿತು. ಎರಡು ಕೀಲಿ ಕೊಡಬೇಕಿದ್ದ ಕಂಟ್ರಾಕ್ಟರ್ ಒಂದನ್ನೇ ಕೊಟ್ಟು ಕಣ್ಮರೆಯಾಗಿದ್ದ. ಆದರೂ ನಾನು ನಿಶ್ಚಿಂತನಾಗಿದ್ದೆ. ಮುನಿಯಪ್ಪ ಆ ಕೀಲಿಗೆ ದಿನವೂ ಹೂವೇರಿಸುತ್ತಿದ್ದ ಮನುಷ್ಯ.

ಹಿಂದಿನ ಮಳೆಗಾಲ ಚೆನ್ನಾಗಿಯೇ ಆಗಿತ್ತು. ಕೆರೆ ಕೋಡಿಗೆ ಒಂದು ಗೇಣು ಬಾಕಿ ಇಟ್ಟು ನಿಂತುಬಿಟ್ಟಿತು. ಆ ಒಂದು ಗೇಣು ಎಲ್ಲರ ನಿದ್ದೆ ಕೆಡಿಸಿತು. ಸಭೆ ಸೇರಿತು. ಎಂದೂ ಮುಖ ಕೊಟ್ಟು ಮಾತಾಡದ ಊರು ಮತ್ತು ಅಪಾರ್ಟ್‌ಮೆಂಟು ಅಂದು ಅಕ್ಕಪಕ್ಕ ಕುಳಿತಿದ್ದವು.

"ಸ್ವಲ್ಪ ದಿನ ಗೇಟ್ ಎತ್ತಿದ್ರೆ ತುಂಬ್ಬಿಡುತ್ತಲ್ಲ ಸಾರ್," ಎಂದರು ಮುನಿಯಪ್ಪ.

"ಅದು ನೀರಲ್ಲ ಮುನಿಯಪ್ನೋರೆ. ಅದ್ರಲ್ಲಿ ಆಕ್ಸಿಜನ್ ಇಲ್ಲ. ಮೀನು ಉಸಿರುಗಟ್ಟಿ ಸಾಯ್ತವೆ. ಮೀನಿಲ್ದೆ ಹೆಜ್ಜಾರ್ಲೆ ಮರಿಗಳೂ ಉಳಿಯಲ್ಲ."

"ನೀರು ಬೇಡ ಅನ್ನೋ ಎಂಜಿನಿಯರ್‌ನ ಲೈಫಲ್ಲೇ ಫಸ್ಟ್ ಟೈಮ್ ನೋಡ್ತಿದೀನಿ," ಎಂದರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಳಿನಿಯವರು. ಸಭೆ ನಕ್ಕಿತು. ಮುನಿಯಪ್ಪ ನಗಲಿಲ್ಲ. ಹೊರಗೆ ಬಂದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮಮ್ಮ ಮದ್ವೆಯಾಗಿ ಬಂದ ವರ್ಷ ಕೋಡಿ ಬಿದ್ದಿತ್ತಂತೆ, ಬಾಗಿನ ಬಿಟ್ಟಿದ್ರಂತೆ. ಕಣ್ಮುಚ್ಚೋಕ್ ಮುಂಚೆ ಇನ್ನೊಂದ್ಸಲ ನೋಡ್ಬೇಕು ಅಂತಾಳೆ." ಕೆರೆ ಕೋಡಿ ಹರಿದಾಗ ಮೊರಗಳಲ್ಲಿ ಅರಿಸಿನ, ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟು ಗಂಗಮ್ಮನಿಗೆ ಅರ್ಪಿಸುವುದೇ ಬಾಗಿನ. ಮಳೆಗಾಲಕ್ಕೆ ನೋಡೋಣ ಎಂದೆ.

ಅದಾದ ಕೆಲವೇ ದಿನಕ್ಕೆ ಮಹದೇವಪುರದ ರಾಜಕಾಲುವೆ ಹೂಳೆತ್ತಿಸಲು ನನ್ನನ್ನು ಕಳಿಸಿದರು. ಅಲ್ಲಿ ಬರಲಿರುವ ಪ್ರವಾಹದ ಸಿದ್ಧತೆಯಲ್ಲಿ ಮುಳುಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಅನ್ಬುವಿನ ಫೋನ್ ಬಂತು.

"ಸಾರ್, ಕೆರೆ ಕೋಡಿ ಬಿದ್ದೋಯ್ತು ಸಾರ್. ಮಳೆ ಎಂಗೆ ಬಂತು? ಬಿಸಿಲು ಸುಡ್ತಾ ಐತೆ. ಮೀನೆಲ್ಲ ಮೇಲೆ ಬಂದು ಬಾಯ್ ಬಾಯ್ ಬಿಡ್ತಾ ಐತೆ, ಬೇಗ ವಾಂಗ, ಬನ್ನಿ ಸಾರ್!"

ನಾನು ತಲುಪುವ ಹೊತ್ತಿಗೆ ಏರಿಯ ಮೇಲೆ ಶಾಮಿಯಾನ, ತಮಟೆ, ವಾಲಗ. ಕೋಡಿಯ ಮೇಲೆ ಬೂದು ನೀರು ಹರಿದು ಕೆಳಗೆ ಸೋಪಿನಂಥ ನೊರೆ ಏಳುತ್ತಿತ್ತು. ಅಪಾರ್ಟ್‌ಮೆಂಟಿನವರು ಮಕ್ಕಳನ್ನು ಎತ್ತಿಕೊಂಡು ನೊರೆಯ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ಮೈಕಿನಲ್ಲಿ ಯಾರೋ ಭಾವುಕರಾಗಿ, "ನೋಡಿ, ಮೀನುಗಳೂ ಗಂಗಮ್ಮನ ದರ್ಶನಕ್ಕೆ ಮೇಲೆ ಬಂದಿವೆ," ಎಂದರು. ಜನ ಕೈ ಮುಗಿದರು.

ಅನ್ಬು ನನ್ನ ತೋಳು ಹಿಡಿದ. "ದ್ವೀಪದ ಕಡೆ ಇನ್ನೂ ಒಳ್ಳೆ ನೀರೈತೆ ಸಾರ್. ಮೀನೆಲ್ಲ ಅಲ್ಲೇ ಗುಂಪು. ಈಗ್ಲೇ ಗೇಟ್ ಮುಚ್ಚಿದ್ರೆ ಅಷ್ಟಾದ್ರೂ ಉಳೀತದೆ."

ಮುನಿಯಪ್ಪನವರನ್ನು ಹುಡುಕಿ ಕೀಲಿ ಕೇಳಿದೆ. ಅವರು ಪೂಜೆಯ ಕಡೆ ಕೈ ತೋರಿಸಿದರು. ಎರಡು ದೊಡ್ಡ ಮೊರಗಳ ನಡುವೆ, ಅರಿಸಿನ ಬಳಿದುಕೊಂಡು, ಮಲ್ಲಿಗೆ ದಂಡೆ ಸುತ್ತಿಕೊಂಡು, ಕೀಲಿ ದೇವರಾಗಿ ಮಲಗಿತ್ತು. ಬಾಗಿನದ ದಿನ ತೂಬಿನ ಕೀಲಿಗೂ ಪೂಜೆ ಸಲ್ಲುವುದು ಆ ಊರಿನ ಪದ್ಧತಿ. ಗಂಗಮ್ಮನನ್ನು ಅದರಲ್ಲಿ ಆವಾಹಿಸಿಯಾಗಿತ್ತು. ಮಂಗಳಾರತಿಗೆ ಮೊದಲು ಎತ್ತುವಂತಿಲ್ಲ.

"ನೀವೇ ಎತ್ತಿದ್ರಾ ಗೇಟು?"

"ನಾನೇ ಸಾರ್. ನೀವು ಏನ್ ಬೇಕಾದ್ರೂ ಬರ್ಕೊಳಿ. ಅರ್ಧ ಗಂಟೆ ಕೊಡಿ, ಅಷ್ಟೆ. ಅಲ್ನೋಡಿ ಅಮ್ಮನ್ನ."

ಅವರ ತಾಯಿ ಅಕ್ಕಯ್ಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಪೊರೆ ಬಂದ ಕಣ್ಣುಗಳನ್ನು ಸದ್ದಿನ ಕಡೆ ತಿರುಗಿಸಿ ಅಳುತ್ತಿದ್ದರು. ಮುಂಗೈ ತುಂಬ ಹೊಸ ಹಸಿರು ಬಳೆ.

ಮೇಲಧಿಕಾರಿಗೆ ಫೋನ್ ಮಾಡಿದೆ. "ಜನರ ಭಾವನೆಗಳನ್ನು ಗಮನದಲ್ಲಿಟ್ಟು ಸೂಕ್ತ ಕ್ರಮ ಕೈಗೊಳ್ಳಿ," ಎಂದರು. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಸುಮ್ಮನೆ ನಿಂತಿರಿ ಎಂದು ಅರ್ಥ. ನಿಂತೆ.

ಮುಖ್ಯ ಅತಿಥಿಗಳು ಬಂದರು. ಸ್ಥಳೀಯ ಮುಖಂಡರು, ಬಾಗಿನ ಅವರಿಗೆ ಹೊಸದು. ಮಂಗಳಾರತಿಯಾಯಿತು. ಇನ್ನು ಕೀಲಿಯನ್ನು ಎತ್ತಿ ಮುನಿಯಪ್ಪನವರ ಕೈಗೆ ಕೊಟ್ಟು, ಮೊರಗಳನ್ನು ಮಾತ್ರ ನೀರಿಗೆ ಬಿಡಬೇಕು. ಅಷ್ಟರಲ್ಲಿ ಅಭಿಮಾನಿಯೊಬ್ಬ ಭಕ್ತಿಯಿಂದ ಕೀಲಿಯನ್ನು ಮೊರದ ಮೇಲೆಯೇ ಇಟ್ಟ. ಫೋಟೋಗ್ರಾಫರ್ ಕೂಗಿದ: "ಅಣ್ಣಾ, ಈ ಕಡೆ! ಸ್ವಲ್ಪ ಸ್ಮೈಲ್!"

ಅಣ್ಣ ಸ್ಮೈಲ್ ಮಾಡಿದರು, ಮತ್ತು ತಳ್ಳಿದರು. ಮೊರ ಒಂದು ಮಾರು ತೇಲಿ, ವಾಲಿ, ಮಗುಚಿತು. ಹೂವು ತೇಲಿತು. ಗಂಗಮ್ಮ ಮುಳುಗಿದಳು.

ಮುನಿಯಪ್ಪನವರ ಬಾಯಿಂದ ಹೊರಟ ಶಬ್ದ ತಮಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅನ್ಬು ಅಂಗಿ ಕಿತ್ತೆಸೆದು ಆ ಬೂದು ನೀರಿಗೆ ಹಾರಿದ. ಬೇಡವೆಂದು ನಾನು ಕೂಗುತ್ತಲೇ ಇದ್ದೆ. ಒಮ್ಮೆ ಎದ್ದಾಗ ಕೈಯಲ್ಲಿ ತೆಂಗಿನಕಾಯಿ, ಇನ್ನೊಮ್ಮೆ ಎಂದೋ ಬಿಟ್ಟ ಗಣೇಶನ ಕಬ್ಬಿಣದ ಹಂದರ. ಕೊನೆಗೆ ಬರಿಗೈಯಲ್ಲಿ ಎದ್ದು ವಾಂತಿ ಮಾಡಿಕೊಂಡ. ತಳದಲ್ಲಿ ಕೆಸರು ತೊಡೆಯಷ್ಟು.

ಗೇಟಿಗೆ ಓಡಿದೆವು. ನನ್ನ ಮೆಚ್ಚುಗೆ ಪಡೆದ ಗೂಡು ಯಾವ ರೆಂಚನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಮರಳಿನ ಚೀಲ ಒಡ್ಡಿದರೆ ನೀರು ಅವನ್ನೇ ಹೊತ್ತುಕೊಂಡು ಹೋಯಿತು. ಸ್ಪಿಂಡಲ್ಲಿನ ಅಳತೆ ಹಿಡಿದು ಹೊಸ ಕೀಲಿ ಮಾಡಿಸಲು ಶಿವಾಜಿನಗರಕ್ಕೆ ಹೋದೆ. ಭಾನುವಾರ ಲೇತ್ ಅಂಗಡಿಗಳು ಬಂದ್. ಕೊನೆಗೆ ಒಬ್ಬ ಮುದುಕರು ಬೀಗ ತೆಗೆದರು. "ಕೆರೆಗೂ ಚಾವಿ ಹೋತಾ ಕ್ಯಾ ಸಾಬ್?" ಎಂದರು. ಹೌದು, ಕೆರೆಗೂ ಕೀಲಿ ಇರುತ್ತದೆ, ಅದು ಕಳೆದುಹೋಗಿದೆ ಎಂದೆ. ಕೀಲಿ ಸಿದ್ಧವಾಗಿ ನಾವು ಗೇಟು ಮುಚ್ಚಿದಾಗ ಸೋಮವಾರ ಬಿಸಿಲೇರಿತ್ತು.

ಕೆರೆ ಬೆಳ್ಳಗೆ ಹೊಳೆಯುತ್ತಿತ್ತು, ಮೀನುಗಳ ಹೊಟ್ಟೆಯಿಂದ. ದ್ವೀಪದ ಸುತ್ತ ಅವು ಹಾಸಿದಂತೆ ಒತ್ತೊತ್ತಾಗಿದ್ದವು. ಅನ್ಬು ತೆಪ್ಪದಲ್ಲಿ ಕುಳಿತು ಸಲಿಕೆಯಿಂದ ತನ್ನ ಬದುಕನ್ನು ಎತ್ತಿ ಎತ್ತಿ ದಡಕ್ಕೆ ಹಾಕುತ್ತಿದ್ದ. ಅಪಾರ್ಟ್‌ಮೆಂಟಿನಿಂದ ವಾಸನೆಯ ಬಗ್ಗೆ ದೂರು ಬಂತು. ಹೆಜ್ಜಾರ್ಲೆಗಳು ಕೆಲವು ದಿನ ಗೂಡಿನ ಪಕ್ಕದಲ್ಲೇ ನಿಂತವು. ಆಮೇಲೆ ಒಂದೊಂದಾಗಿ ಹಾರಿಹೋದವು. ಇನ್ನೂ ರೆಕ್ಕೆ ಬಲಿಯದ ಮರಿಗಳ ಕೂಗು ದಿನದಿನಕ್ಕೆ ಕಡಿಮೆಯಾಯಿತು. ಕೊನೆಗೆ ಅವು ಮರದಿಂದ ಬೀಳತೊಡಗಿದಾಗ ಎತ್ತಿದವನೂ ಅನ್ಬುವೇ. ನಂತರ ಅವನು ಹಲಸೂರಿನ ಕಡೆ ಗೂಡ್ಸ್ ಆಟೋ ಓಡಿಸಲು ಹೋದ.

ನಾನು ವರದಿ ಬರೆದೆ. ಮುನಿಯಪ್ಪ ಎಲ್ಲವನ್ನೂ ಒಪ್ಪಿ ಸಹಿ ಹಾಕಿದರು. ಮುಖ್ಯ ಅತಿಥಿಗಳ ಸ್ಮೈಲ್ ಫ್ಲೆಕ್ಸ್ ಆಗಿ ಮೂರು ರಸ್ತೆಗಳಲ್ಲಿ ನಿಂತಿತು.

ಒತ್ತುವರಿ ಮಾಡುವವನಿಗೆ ಬೇಲಿ ಇದೆ, ನೋಟಿಸ್ ಇದೆ, ಪೊಲೀಸ್ ಇದ್ದಾರೆ. ಆ ಭಾನುವಾರ ಏರಿಯ ಮೇಲೆ ಕೆರೆಯ ಶತ್ರು ಒಬ್ಬನೂ ಇರಲಿಲ್ಲ. ಬಂದವರೆಲ್ಲ ಅದನ್ನು ಪ್ರೀತಿಸುತ್ತಿದ್ದವರೇ, ಒಬ್ಬೊಬ್ಬರೂ ತಮಗೆ ಬೇಕಾದ ಕೆರೆಯನ್ನು. ಪ್ರೀತಿಸುವವರಿಂದ ಕೆರೆಯನ್ನು ಕಾಯುವ ವಿಧಾನವನ್ನು ನನಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ನೌಕರಿ ಕಲಿಸಿತು, ಆದರೆ ಪರೀಕ್ಷೆ ಮುಗಿದ ಮೇಲೆ.

ಮರುವರ್ಷದ ಬೇಸಿಗೆಯಲ್ಲಿ, ನಿವೃತ್ತಿಗೆ ಮುಂಚೆ, ಕೊನೆಯ ಬಾರಿ ಹೋದೆ. ಮುನಿಯಪ್ಪ ಗೇಟಿನ ಪಕ್ಕದಲ್ಲೇ ಕುಳಿತಿದ್ದರು. ಈಗ ದಿನವೂ ಅಲ್ಲೇ ಇರುತ್ತಾರಂತೆ. ಅಕ್ಕಯ್ಯಮ್ಮನನ್ನೂ ಕುರ್ಚಿ ಹಾಕಿ ಕೂರಿಸಿದ್ದರು.

"ಯಾರು, ಎಂಜಿನಿಯರಪ್ಪನಾ? ಹೋದ ವರ್ಷ ಕೋಡಿ ಬಿತ್ತಲ್ಲ, ಪುಣ್ಯ ಮಾಡಿದ್ದೆ. ಅಲ್ಲಾ, ಈ ಸಲ ಹೆಜ್ಜಾರ್ಲೆ ದನೀನೇ ಕೇಳಿಸ್ತಿಲ್ವಲ್ಲಪ್ಪಾ?"

ಮುನಿಯಪ್ಪ ನನ್ನ ಮುಖ ನೋಡಿದರು.

"ಎಲ್ಲಾ ಕೆರೆನೂ ತುಂಬಿವೆಯಲ್ಲಮ್ಮಾ," ಎಂದೆ, "ಬೇರೆ ಕಡೆ ಹೋಗಿರ್ತವೆ."

ಇಲಾಖೆಯಲ್ಲಿ ನಾನು ಕೊಟ್ಟ ಕೊನೆಯ ತಾಂತ್ರಿಕ ಅಭಿಪ್ರಾಯ ಅದೇ.