ತಾತನ ಎಲೆಹೊರೆಗೆ ಆಧಾರವೇನು?

ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ತಮ್ಮ ಸೂರಿನಡಿಯಲ್ಲೇ ಇಟ್ಟುಕೊಂಡು ಸಾಕಿದವರು ಅವರು. ಆದ್ದರಿಂದ ಅವರ ಮಾತಿಗೆ ಎದುರಾಡುವ ರೂಢಿ ನಮ್ಮಲ್ಲಿರಲಿಲ್ಲ. ವಿದ್ಯಾರಣ್ಯಪುರಂನ ಮನೆಯ ಜಗುಲಿಯ ಮೇಲೆ ಕುಳಿತು, ವೀಳ್ಯದೆಲೆಯ ಬೆನ್ನನ್ನು ಹೆಬ್ಬೆರಳಿನಿಂದ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರುತ್ತ, ತಲೆ ಎತ್ತದೆಯೇ ಅಂದಿದ್ದರು: "ನಮ್ಮಂತೋರ ತೋಟದ ವಿಷ್ಯವ ಯಾರ್ ಮಗ ಪುಸ್ತಕದಲ್ಲಿ ಬರ್ದಾರು? ಆಗದ್ ಮಾತು ಬುಡು."

ಹಿಂದೆ ನನ್ನ ಓದಿನ ವಿಷಯದಲ್ಲೂ ಅವರು ಇದನ್ನೇ ಅಂದಿದ್ದರು. ಓದು ನಮ್ಮವರಿಗೆ ಹತ್ತುವುದಿಲ್ಲ ಎಂಬುದು ಅವರ ಪಾಲಿಗೆ ಬೈಗುಳವಾಗಿರಲಿಲ್ಲ. ಜೌಗು ನೆಲದಲ್ಲಿ ರಾಗಿ ಬಾರದು ಎಂದಷ್ಟೇ ಸಹಜವಾದ ತಿಳಿವಳಿಕೆಯಾಗಿತ್ತು. ಆದರೂ ನಾನು ಓದಿದೆ. ತೊಂಬತ್ತರ ದಶಕದಲ್ಲಿ, ಬೆಳಿಗ್ಗೆ ಎದ್ದು ಎಲೆ ಜೋಡಿಸಿ ಕಟ್ಟು ಕಟ್ಟಿ, ಬೆರಳ ತುದಿಯ ಹಸಿರು ವಾಸನೆ ಆರುವ ಮೊದಲೇ ಕಾಲೇಜಿಗೆ ಓಡಿ, ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಕುಳಿತು ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಮುಟ್ಟಿದ ಮೊದಲ ಕೈ ನನ್ನದು. ಇದನ್ನು ಹೇಳುವಾಗ ನನಗೆ ಸಂಕೋಚವಿಲ್ಲ, ಗೆಳೆಯರೇ. ಬೇರೆಯವರ ಮನೆಯಲ್ಲಿ ಪದವಿ ಅಜ್ಜನ ಕೋಟಿನಂತೆ ಗೂಟಕ್ಕೆ ನೇತುಬಿದ್ದಿರುತ್ತದೆ, ನಮ್ಮ ಮನೆಯಲ್ಲಿ ಆ ಗೂಟವನ್ನೂ ನಾನೇ ಹೊಡೆಯಬೇಕಾಯಿತು.

ಪದವಿ ಬಂತು, ಅದಕ್ಕೆ ತಕ್ಕ ಕೆಲಸ ಬರಲಿಲ್ಲ. ಲಷ್ಕರ್ ಮೊಹಲ್ಲಾದ ಒಂದು ಇಕ್ಕಟ್ಟಾದ ಅಚ್ಚುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಲಗ್ನಪತ್ರಿಕೆ ಜೋಡಿಸುವವಳಾದೆ. ಅಲ್ಲಿಗೆ ಬರುವ ಕೈಬರಹದ ಹಾಳೆಗಳಲ್ಲಿ ವಧುವರರ ಹೆಸರಿಗಿಂತ ಉಳಿದವರ ಹೆಸರುಗಳೇ ಹೆಚ್ಚು. ಚಿಕ್ಕಪ್ಪನ ಹೆಸರು ಸೋದರಮಾವನ ಹೆಸರಿಗಿಂತ ಕೆಳಗೆ ಬಂತೆಂದು ಅಚ್ಚಾದ ಪತ್ರಿಕೆಯನ್ನೇ ವಾಪಸು ತಂದವರನ್ನು ಕಂಡಿದ್ದೇನೆ. ಹೆಸರೆಂದರೆ ಜನಕ್ಕೆ ಏನು, ಅದು ಅಚ್ಚಾಗುವುದೆಂದರೆ ಏನು ಎಂಬುದನ್ನು ನಾನು ಕಾಲೇಜಿನಲ್ಲಲ್ಲ, ಆ ಅಂಗಡಿಯಲ್ಲಿ ಕಲಿತೆ. ಕಲಿತೆ ಎಂದುಕೊಂಡಿದ್ದೆ ಅನ್ನುವುದು ಇನ್ನೂ ಸರಿ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಅಂಗಡಿಗೂ ಇಂಟರ್ನೆಟ್ ಬಂತು. ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದಾಗ ಅದರ ಮುಂದೆ ಕುಳಿತುಕೊಳ್ಳಲು ನನಗೆ ಅಪ್ಪಣೆಯಿತ್ತು. ಹಾಗೆ ಅಲೆಯುತ್ತಿರುವಾಗ ಕಣ್ಣಿಗೆ ಬಿದ್ದದ್ದು ಕನ್ನಡದ ಒಂದು ವಿಶ್ವಕೋಶ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಅದರ ಬಾಗಿಲಲ್ಲೇ ಬರೆದಿತ್ತು. ಬಾಗಿಲಿಗೆ ಕಾವಲುಗಾರನಿಲ್ಲದ ವಿದ್ಯಾಶಾಲೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೈಸೂರಿನ ಬಗ್ಗೆ ಅಲ್ಲಿ ಒಂದು ಪುಟವಿತ್ತು. ಮೈಸೂರಿನ ವೀಳ್ಯದೆಲೆಯ ಬಗ್ಗೆ ಏನೂ ಇರಲಿಲ್ಲ. ಆ ಹೆಸರನ್ನು ಒತ್ತಿದರೆ ಖಾಲಿ ಪುಟ ತೆರೆದು, ನೀವೇ ಬರೆಯಬಹುದು ಎನ್ನುತ್ತಿತ್ತು.

ಸಂಜೆ ಮನೆಗೆ ಬಂದು ದೊಡ್ಡಪ್ಪನಿಗೆ ಹೇಳಿದಾಗಲೇ ಅವರು ಆ ಆಗದ ಮಾತನ್ನು ಆಡಿದ್ದು. ಆದರೆ ಎಲೆ ಬಾಯಿಗಿಟ್ಟುಕೊಂಡ ಮೇಲೆ ತಾವೇ ಮಾತು ತೆಗೆದರು. "ಬರದ್ರೆ ನಿಮ್ ತಾತನ್ ವಿಷ್ಯ ಬರಿ. ದಸರಾ ಬಂದ್ರೆ ಅರಮನೆಗೆ ಎಲೆ ಹೋಯ್ತಿದ್ದದ್ದು ನಮ್ಮ ತೋಟದ್ದೇ. ನಮ್ಮಪ್ಪ ಹೊರೆ ತಲೆ ಮ್ಯಾಲೆ ಹೊತ್ಕಂಡು ಹೋಯ್ತಿದ್ದ. ಅದ ಬುಟ್ಟು ಇನ್ನೇನ ಬರ್ದೀಯ?"

"ಬರೀತೀನಿ ದೊಡ್ಡಪ್ಪ."

"ಬರ್ದ್ರೆ ನಾನೂ ಬಂದು ನೋಡ್ತೀನಿ ತಕ್ಕೊ. ನಂಗೆ ಓದಕ್ಕೆ ಬರ್ದೆ ವೋದ್ರೂ ನೀನು ಓದು, ನಾನು ಕೇಳ್ತೀನಿ."

ಆ ತೋಟ ಆಗಲೇ ಇರಲಿಲ್ಲ. ನಾಲೆಯ ನೀರು ಕೊಳೆತು, ಸುತ್ತ ಬಡಾವಣೆಗಳು ಎದ್ದು, ಎಲೆಬಳ್ಳಿ ಹಬ್ಬಿದ್ದ ಅಗಸೆ ಮರಗಳಿದ್ದ ಜಾಗದಲ್ಲಿ ಕಾರು ನಿಲ್ಲಿಸುವ ಗೇಟುಗಳಿದ್ದವು. ಬೇರೆಯವರ ತೋಟದಿಂದ ಎಲೆ ತಂದು ಮಾರುವುದಷ್ಟೇ ದೊಡ್ಡಪ್ಪನಿಗೆ ಉಳಿದಿತ್ತು. ಮಣ್ಣೂ ಹೋಗಿ ಬಳ್ಳಿಯೂ ಹೋದಮೇಲೆ ನಮ್ಮ ಮನೆತನಕ್ಕೆಂದು ಉಳಿದಿದ್ದ ಆಸ್ತಿ ಆ ಒಂದು ವಾಕ್ಯ: ಅರಮನೆಗೆ ಹೋಗುತ್ತಿದ್ದದ್ದು ನಮ್ಮ ಎಲೆ. ಅದನ್ನು ಅಕ್ಷರದಲ್ಲಿ ಕಾಣಬೇಕೆಂಬ ಆಸೆ ಅವರಿಗಿತ್ತು. ಕಾಣಿಸಬೇಕೆಂಬ ಹಟ ನನಗಿತ್ತು.

ಬರೆದೆ. ಲಗ್ನಪತ್ರಿಕೆಯ ಕೈ ಏನನ್ನು ಬರೆಯಬಲ್ಲದೋ ಅದನ್ನೇ ಬರೆದೆ. "ವಿಶ್ವವಿಖ್ಯಾತವೂ ಸಕಲ ಶುಭಕಾರ್ಯಗಳಿಗೆ ಕಳಶಪ್ರಾಯವೂ ಆದ" ಎಂದು ಎಲೆಯನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿದೆ. ತಾತನ ಹೆಸರಿನ ಹಿಂದೆ 'ಕೀರ್ತಿಶೇಷ' ಸೇರಿಸಿದೆ. ಕೊನೆಯಲ್ಲಿ, ಬಲಗಡೆಗೆ ಸರಿಸಿ, ನನ್ನ ಹೆಸರು, ಪಕ್ಕದಲ್ಲಿ ಬಿ.ಎ., ಕೆಳಗೆ ವಿದ್ಯಾರಣ್ಯಪುರಂ, ಮೈಸೂರು ಎಂದು ಜೋಡಿಸಿದೆ. ಪತ್ರಿಕೆಯ ಕೆಳಗೆ ಆಹ್ವಾನಿಸುವವರ ಹೆಸರಿಲ್ಲದಿದ್ದರೆ ಮದುವೆಗೆ ಯಾರು ಬಂದಾರು?

ಮಾರನೆಯ ಮಧ್ಯಾಹ್ನ ನೋಡಿದರೆ ಮದುವಣಗಿತ್ತಿಯ ಒಡವೆಗಳೆಲ್ಲ ಕಳಚಿದ್ದವು. ವಿಶ್ವವಿಖ್ಯಾತವಿಲ್ಲ, ಕಳಶಪ್ರಾಯವಿಲ್ಲ, ಕೀರ್ತಿಶೇಷವಿಲ್ಲ. ನನ್ನ ಹೆಸರೂ ಇಲ್ಲ, ಬಿ.ಎ.ಯೂ ಇಲ್ಲ. ಹಾಗೆ ಮಾಡಿದವರು 'ಹೊಂಗೆಮರ' ಎಂಬ ಹೆಸರಿಟ್ಟುಕೊಂಡ ಒಬ್ಬ ಸಂಪಾದಕರು. ಗಂಡಸೋ ಹೆಂಗಸೋ ತಿಳಿಯದು. ಪುಟದ ಬೆನ್ನಿಗೆ ಚರ್ಚೆಗೆಂದೇ ಇನ್ನೊಂದು ಪುಟವಿರುತ್ತದೆ. ಅಲ್ಲಿ ನನ್ನ ಕೋಪವನ್ನೆಲ್ಲ ಕಾರಿದೆ. ಕಷ್ಟಪಟ್ಟು ಗಳಿಸಿದ ಪದವಿಯನ್ನು ಅಳಿಸಲು ನೀವು ಯಾರು ಎಂದು ಕೇಳಿದೆ.

ಉತ್ತರ ಮೆತ್ತಗಿತ್ತು. "ಇಲ್ಲಿ ಲೇಖನದ ಕೆಳಗೆ ಯಾರೂ ಸಹಿ ಹಾಕುವುದಿಲ್ಲ. ಏಕೆಂದರೆ ಲೇಖನ ಯಾರೊಬ್ಬರದೂ ಅಲ್ಲ. ಸಹಿ ಹಾಕಬೇಕಾದದ್ದು ಈ ಚರ್ಚೆಯ ಪುಟದಲ್ಲಿ. ಜಗಳ ಆಡಿದವರು ಯಾರೆಂದು ತಿಳಿಯಬೇಕಲ್ಲ! ನಿಮ್ಮ ಜಗಳಕ್ಕೆ ನೀವು ಸಹಿ ಹಾಕುವುದನ್ನು ಮರೆತಿದ್ದೀರಿ."

ನಗು ಬಂತು, ಕೋಪ ಹೋಗಲಿಲ್ಲ. ಆದರೂ ದಿನಕಳೆದಂತೆ ಕಲಿತೆ. ಹೊಗಳಿಕೆಯನ್ನು ಬಿಟ್ಟು ವಿಷಯವನ್ನು ಹೇಳುವುದು, ಹೇಳಿದ ಪ್ರತಿಯೊಂದಕ್ಕೂ ಅದು ಎಲ್ಲಿಂದ ಬಂತೆಂದು ಅಡಿಯಲ್ಲಿ ತೋರಿಸುವುದು, ಇನ್ನೊಬ್ಬರು ತಿದ್ದಿದಾಗ ಮೈ ಉರಿದರೂ ಅವರ ತಿದ್ದುಪಡಿಯನ್ನು ಒಮ್ಮೆ ನಿಧಾನವಾಗಿ ಓದುವುದು. ನಮ್ಮಂಥವರಿಗೆ ಇದು ಸುಲಭದ ವಿದ್ಯೆಯಲ್ಲ. ತಲೆತಲಾಂತರದಿಂದ ಹೆಸರೇ ಇಲ್ಲದೆ ದುಡಿದವರ ಮಗಳು ಹೆಸರು ಬರೆಯಲು ಕಲಿತ ಹೊತ್ತಿನಲ್ಲೇ ಹೆಸರನ್ನು ಬಿಟ್ಟುಕೊಡಬೇಕೆಂಬ ಪಾಠ ಎದುರಾದರೆ, ಅದನ್ನು ವೈರಾಗ್ಯವೆನ್ನಬೇಕೋ ಅನ್ಯಾಯವೆನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೆಸರು ಹೋದರೂ ತಾತನ ವಾಕ್ಯ ಉಳಿದಿತ್ತು. ಆದರೆ ಅದರ ಬಾಲಕ್ಕೆ ಹೊಂಗೆಮರದವರು ಒಂದು ಚೀಟಿ ಅಂಟಿಸಿದ್ದರು: ಆಧಾರ ಬೇಕಾಗಿದೆ.

"ನಮ್ಮ ತಾತ ಹೇಳಿದ್ದು" ಎಂದು ಬರೆದೆ, ಈ ಸಲ ಸಹಿ ಹಾಕಿಯೇ. "ನಿಮ್ಮ ತಾತನವರನ್ನು ನಾನು ನಂಬುತ್ತೇನೆ. ಆದರೆ ಓದುವವರಿಗೆ ಅವರ ಮುಖ ಕಾಣುವುದಿಲ್ಲ. ಅಚ್ಚಿನಲ್ಲಿ ಎಲ್ಲಾದರೂ ಇದೆಯೇ ಹುಡುಕಿ. ವಾಕ್ಯವನ್ನು ನಾನು ತೆಗೆಯುವುದಿಲ್ಲ, ನಿಮಗೇ ಬಿಟ್ಟಿದ್ದೇನೆ" ಎಂದು ಅವರು ಬರೆದರು. ತೆಗೆದಿದ್ದರೆ ಜಗಳವಾಡಬಹುದಿತ್ತು. ಬಿಟ್ಟುಕೊಟ್ಟದ್ದರಿಂದ ಹುಡುಕಲೇಬೇಕಾಯಿತು.

ರಜೆಯ ದಿನಗಳಲ್ಲಿ ಹಳೆಯ ಗ್ರಂಥಾಲಯದಲ್ಲಿ ಕುಳಿತೆ. ಪುಡಿಯುದುರುವ ಪುಸ್ತಕಗಳಲ್ಲಿ ನಮ್ಮ ಸೀಮೆಯ ಎಲೆತೋಟಗಳ ವರ್ಣನೆ ಸಿಕ್ಕಿತು: ನಾಲೆಯ ನೀರು, ಕಪ್ಪುಮಣ್ಣು, ಬಾಯಲ್ಲಿ ಕರಗುವ ಚಿಗುರೆಲೆ. ನಾನು ಬರೆದಿದ್ದ ಉಳಿದೆಲ್ಲ ಮಾತುಗಳಿಗೂ ಆಧಾರ ದೊರಕಿತು. ಅರಮನೆಗೆ ಎಲೆ ಹೋಗುತ್ತಿದ್ದದ್ದೂ ಒಂದು ಕಡೆ ಇತ್ತು. ಆದರೆ ಯಾರ ತೋಟದಿಂದ, ಯಾರ ತಲೆಯ ಮೇಲೆ ಎಂಬುದು ಎಲ್ಲೂ ಇರಲಿಲ್ಲ. ಆ ಪುಸ್ತಕಗಳಲ್ಲಿ ತೋಟಗಳಿದ್ದವು, ತೋಟದವರು ಇರಲಿಲ್ಲ.

ಅಂಗಡಿಯಲ್ಲಿ ನನ್ನ ಬಾಡಿದ ಮುಖ ನೋಡಿ ಯಜಮಾನರು ವಿಚಾರಿಸಿದರು. ಕಥೆ ಕೇಳಿ ದೊಡ್ಡದಾಗಿ ನಕ್ಕುಬಿಟ್ಟರು. "ಅಲ್ಲಾ ಕಣಮ್ಮಾ, ಅಚ್ಚಾಗಿರಬೇಕು, ಅಷ್ಟೇ ತಾನೆ ಅವರು ಕೇಳೋದು? ಅಚ್ಚುಮನೇಲಿ ಕೂತ್ಕೊಂಡು ಅಳ್ತಾರೇನಮ್ಮ ಇದಕ್ಕೆ? ಒಂದು ಸಣ್ಣ ಪುಸ್ತಕ ಹಾಕ್ಬುಡಣ. ನಿಮ್ ತಾತಂದು, ಎಲೆದು, ಅರಮನೆದು. ಕಾಗದ ನಂದು, ಜೋಡಿಸೋದು ನಿಂದು."

ಅವರು ತಮಾಷೆಗೆ ಹೇಳಲಿಲ್ಲ; ನಾನೂ ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ಅದೇ ಮಧ್ಯಾಹ್ನ ಮೊದಲ ಪುಟ ಜೋಡಿಸಿದೆ. ತಾತನ ಹೆಸರು ದಪ್ಪ ಅಕ್ಷರದಲ್ಲಿ, ಸುತ್ತ ಬಳ್ಳಿಯ ಅಂಚು. ಪರದೆಯ ಮೇಲೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ, ನಾನು ಹುಡುಕುತ್ತಿದ್ದ ಪುಸ್ತಕ ಇದೇ ಎನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ಹೆದರಿಕೆಯಾಯಿತು. ಅಕ್ಷರವನ್ನು ದೂರದಿಂದ ಕಂಡವರಿಗೆ ಅಚ್ಚೆಂದರೆ ಸತ್ಯ. ನನಗೆ ಆ ಭ್ರಮೆ ಉಳಿಯಲು ಅವಕಾಶವೆಲ್ಲಿತ್ತು? ಒಬ್ಬರ ಮುಖ ಒಬ್ಬರು ನೋಡದ ದಾಯಾದಿಗಳನ್ನು ಲಗ್ನಪತ್ರಿಕೆಯಲ್ಲಿ 'ನಿಮ್ಮ ಆಗಮನಾಭಿಲಾಷಿಗಳು' ಎಂಬ ಸಾಲಿನಡಿ ಒಟ್ಟಿಗೆ ಕೂರಿಸಿದವಳು ನಾನು. ದೊಡ್ಡಪ್ಪ ತಮ್ಮ ಅಪ್ಪನ ಮಾತನ್ನು ನಂಬಿದ್ದರು, ನಾನು ದೊಡ್ಡಪ್ಪನ ಮಾತನ್ನು ನಂಬಿದ್ದೆ. ಆ ನಂಬಿಕೆ ಅಷ್ಟು ಕಾಲ ಯಾರ ಚೀಟಿಯೂ ಇಲ್ಲದೆ ಬದುಕಿತ್ತು. ಅದಕ್ಕೆ ನಾನೇ ಒಂದು ಕಳ್ಳ ಊರುಗೋಲು ಕೆತ್ತಿಕೊಟ್ಟರೆ, ನಾಳೆ ಅದನ್ನು ನಾನಾದರೂ ನಂಬುವುದು ಹೇಗೆ?

ಆ ಪುಟವನ್ನು ಅಳಿಸಿದೆ. ಆಮೇಲೆ ವಿಶ್ವಕೋಶ ತೆರೆದು ತಾತನ ವಾಕ್ಯವನ್ನೂ ಅಳಿಸಿದೆ. ಏನು ಬದಲಿಸಿದಿರಿ ಎಂದು ಕೇಳುವ ಒಂದು ಪುಟ್ಟ ಚೌಕ ಅಲ್ಲಿರುತ್ತದೆ. ಅದರಲ್ಲಿ "ಆಧಾರ ದೊರಕದ ಕಾರಣ ತೆಗೆಯಲಾಗಿದೆ" ಎಂದು ಬರೆದೆ. ನಮ್ಮ ಮನೆಯ ಕೊನೆಯ ಆಸ್ತಿಯನ್ನು ಮಾರಿದಂತಾಯಿತು. ಆಮೇಲೆ ಯಾರದೋ ಮದುವೆಯ ಪತ್ರಿಕೆ ಮುಗಿಸಬೇಕಿತ್ತು, ಮುಗಿಸಿದೆ.

ದೊಡ್ಡಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಅವರು ಕೇಳಿದಾಗಲೆಲ್ಲ "ಇನ್ನೂ ಬರೀತಾ ಇದೀನಿ" ಎನ್ನುತ್ತಿದ್ದೆ. ಅದೂ ನಿಜವೇ, ಅಷ್ಟರಲ್ಲಿ ಕೆರೆ, ಕಸುಬು, ಮರ, ಹಬ್ಬ ಎಂದು ಎಷ್ಟೋ ಪುಟಗಳಿಗೆ ಕೈ ಹಾಕಿದ್ದೆ. ಹೊಸಬರು ಲೇಖನದ ಕೆಳಗೆ ಹೆಸರು, ಪದವಿ ಬರೆದಾಗ ಅದನ್ನು ಚರ್ಚೆಯ ಪುಟಕ್ಕೆ ಸಾಗಿಸಿ ಮೆತ್ತಗೆ ತಿಳಿಸಿ ಹೇಳುವ ಕೆಲಸವೂ ನನಗೇ ಬಿದ್ದಿತ್ತು. ಮೆತ್ತಗೆ ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಒಂದು ಭಾನುವಾರ ಒಂಟಿಕೊಪ್ಪಲಿನ ಒಂದು ಸಭಾಂಗಣದಲ್ಲಿ ಆ ವಿಶ್ವಕೋಶಕ್ಕೆ ಬರೆಯುವವರೆಲ್ಲ ಸೇರಿದರು. ಬಿಡದೆ ದುಡಿದ ಕೆಲವರಿಗೆ ಪ್ರಶಸ್ತಿಪತ್ರ ಕೊಡುವುದೆಂದು ತೀರ್ಮಾನವಾಗಿತ್ತು. ನನ್ನನ್ನೂ ಕರೆದಿದ್ದರು. ದೊಡ್ಡಪ್ಪ ಬಿಳಿಯ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು ಜೊತೆಗೆ ಹೊರಟು ನಿಂತರು. ಬೇಡ ಎನ್ನಲಾಗಲಿಲ್ಲ.

ಕಾರ್ಯಕ್ರಮ ನಡೆಸುತ್ತಿದ್ದಾಕೆ, ಒಂದು ಲೇಖನ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಗೋಡೆಯ ಮೇಲೆ ಮೂಡಿಸಿದ್ದು ಮೈಸೂರು ವೀಳ್ಯದೆಲೆಯ ಪುಟವನ್ನೇ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ದೊಡ್ಡಪ್ಪ ಕಿವಿಗೆ ಕೈ ಆನಿಸಿಕೊಂಡು ಮುಂದೆ ಬಾಗಿ ಕೂತರು. ನಾಲೆಯ ನೀರು ಬಂದಾಗ ತಲೆದೂಗಿದರು. ಅಗಸೆ ಮರ ಬಂದಾಗ ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕರು. ಅರಮನೆ ಎಂಬ ಮಾತು ಬಂತು. ಅವರ ಕೈ ಕಿವಿಗೆ ಇನ್ನೂ ಒತ್ತಿಕೊಂಡಿತು. ಓದುವಾಕೆ ಮುಂದಿನ ಸಾಲಿಗೆ ಹೋದರು. ಓದು ಮುಗಿಯಿತು, ಚಪ್ಪಾಳೆಯಾಯಿತು. ದೊಡ್ಡಪ್ಪನ ಕೈ ಮಾತ್ರ ಕಿವಿಯ ಬಳಿಯೇ ಉಳಿದಿತ್ತು.

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಹೋಗಿ ಪ್ರಶಸ್ತಿಪತ್ರ ತೆಗೆದುಕೊಂಡು ಬಂದು ಅವರ ಕೈಗೇ ಇಟ್ಟೆ. ಅವರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೇಳಿದರು.

"ನಮ್ಮಪ್ಪನ್ ಮಾತು ಬರ್ನಿಲ್ವಲ್ಲ ಮಗ?"

"ಆಧಾರ ಸಿಕ್ಕಿಲ್ಲ ದೊಡ್ಡಪ್ಪ. ಹುಡುಕ್ದೆ. ನಾನೇ ತೆಗೆದ್ಬುಟ್ಟೆ."

"ನೀನೇನಾ?"

"ಹೂಂ."

ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ಆಗಲೇ ಬೇರೆ ಯಾವುದೋ ಪುಟವಿತ್ತು. ಆಮೇಲೆ ಹಾಳೆಯ ಮೇಲೆ ಬೆರಳಾಡಿಸಿ, "ಇದ್ರಲ್ಲಿ ನಿನ್ ಹೆಸ್ರು ಎಲ್ಲದೆ?" ಎಂದರು. ತೋರಿಸಿದೆ. ಆ ಜಾಗದಲ್ಲಿ ಬೆರಳಿಟ್ಟುಕೊಂಡೇ ಕೇಳಿದರು, "ಇದು ಅಚ್ಚಾಗಿರದು ತಾನೆ?"

"ಅಚ್ಚಾಗಿರೋದೇ ದೊಡ್ಡಪ್ಪ."

"ಅಂಗಾರೆ ಜ್ವಾಪಾನವಾಗಿ ಮಡಿಕ್ಕೊ. ನಾಳೆ ನಿನ್ ಮೊಮ್ಮಕ್ಳು, ನಮ್ಮಜ್ಜಿ ಹಿಂಗೆ ಓದಿದ್ಲು, ಹಿಂಗೆ ಬರ್ದಿದ್ಲು ಅಂತ ಎಲ್ಲಾರ ಹೇಳ್ಕಂಡ್ರೆ, ಅವ್ರ ಮಾತ ಯಾರೂ ಅಳಿಸ್ದಂಗಿರ್ಲಿ."