ಸ್ಟಿಕ್ಕರಿನ ಕೆಳಗಿನ ಮುಳ್ಳು

ಮೊನ್ನೆ ಹಿರಿಯಡ್ಕದ ಏರಿನಲ್ಲಿ ನನ್ನ ಕಾರಿನ ಆಯಿಲ್ ದೀಪ ಕೆಂಪಗೆ ಹೊತ್ತಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಬಿಸಿ ಆಯಿಲ್‌ನ ವಾಸನೆ... ಪರ್ಕಳದ ನಮ್ಮ ಹಳೆಯ ಮನೆ ಮಾಲೀಕರು ಕಣ್ಣ ಮುಂದೆ ಬಂದರು.

ಅವರ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅಂಕಲ್ ಎಂದೇ ಕರೆಯುತ್ತಿದ್ದೆ. ಕಾರ್ಕಳದ ರಸ್ತೆಯಲ್ಲಿ ಜೀಪು ಓಡಿಸಿ ಸಂಸಾರ ನಡೆಸಿದವರು. ನಾನು ಹೋಗುವಷ್ಟರಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಇಡೀ ದಿನ ಗೋಡೆ ನೋಡುತ್ತಾ ಕೂರುವ ಮನುಷ್ಯ, ಸಂಜೆ ಅವರ ಹೆಂಡತಿ, ನಮ್ಮ ಆಂಟಿ, ಅದೇ ಜೀಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಹೊರಟರೆ ಗೆಲುವಾಗುತ್ತಿದ್ದರು. ಅವರಿಗೆ ಉಳಿದಿದ್ದ ಸಂತೋಷ ಅದೊಂದೇ.

ಆ ಜೀಪಿನ ಮೀಟರುಗಳು ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದ್ದವು. ಒಂದರ ಮೇಲೆ ಆಂಟಿ ಮಾತೆ ಮರಿಯಮ್ಮನ ದುಂಡನೆಯ ಸ್ಟಿಕ್ಕರ್ ಅಂಟಿಸಿದ್ದರು. ಅದರ ಮುಳ್ಳು ಯಾವತ್ತೂ ಅಲ್ಲಾಡುವುದಿಲ್ಲ, ಸುಮ್ಮನೆ ಇದೆ ಎಂಬುದು ಅವರ ವಾದ. ಆ ವರ್ಷ ಮಳೆಗಾಲ ಕಳೆದ ಮೇಲೆ ಅಂಕಲ್ ದಾರಿಯುದ್ದಕ್ಕೂ ಆ ಚಿತ್ರವನ್ನು ಬೆರಳಿನಿಂದ ಬಡಿಯತೊಡಗಿದರು. "ನೋಡಿ, ಪ್ರಾರ್ಥನೆ ಮಾಡುವುದು" ಎಂದು ಆಂಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನಾನೂ ಕೈಮುಗಿಯುತ್ತಿದ್ದೆ. ಅಂಕಲ್ ಮುಖ ಸಿಟ್ಟಿನಿಂದ ಕೆಂಪಾದದ್ದನ್ನು ಭಕ್ತಿ ಎಂದುಕೊಂಡ ಜಾಣರು ನಾವು.

ಒಂದು ದಿನ ಎಂಜಿನ್ ಕಟಕಟ ಎನ್ನತೊಡಗಿತು. ಹಿರಿಯಡ್ಕದ ಗ್ಯಾರೇಜಿನ ಮೆಕ್ಯಾನಿಕ್ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ, ಆಯಿಲ್ ಸಾಕಷ್ಟಿತ್ತು. "ಆಯಿಲ್ ಮೀಟರ್ ಎಲ್ಲುಂಟು ಆಂಟಿ?" ಎನ್ನುತ್ತಾ ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದ. ಎಂಜಿನ್ ಓಡುತ್ತಿದ್ದರೂ ಆಯಿಲ್‌ನ ಒತ್ತಡ ತೋರಿಸುವ ಮುಳ್ಳು ತಳದಲ್ಲಿ ಮಲಗಿತ್ತು.

ಎಂಜಿನಿನ ಸದ್ದು ಬದಲಾದದ್ದು ಅವರ ಕಿವಿಗೆ ಮೊದಲೇ ತಿಳಿದಿತ್ತು. ಅಂಕಲ್ ಇಷ್ಟು ದಿನ ಬಡಿದು ತೋರಿಸುತ್ತಿದ್ದದ್ದು ಅದನ್ನೇ...

ಮೀಟರೇ ಕೆಟ್ಟಿರಬಹುದೆಂದು ಮೆಕ್ಯಾನಿಕ್ ಎಂಜಿನಿಗೆ ಬೇರೊಂದು ಗೇಜ್ ಸಿಕ್ಕಿಸಿ ನೋಡಿದ. ಅದರಲ್ಲೂ ಒತ್ತಡ ಏರಲಿಲ್ಲ. "ಬೇರಿಂಗ್ ಹೋಗಿದ್ದರೆ ಗಾಡಿ ಗುಜರಿಗೇ. ಕೆಳಗೆ ಬಿಚ್ಚಿ ನೋಡುವ" ಎಂದ. ಆಂಟಿ ಜಪಮಾಲೆ ಹಿಡಿದು ಕುಳಿತರು. ಬಿಚ್ಚಿದಾಗ ಆಯಿಲ್ ಎಳೆಯುವ ಜಾಲರಿಯ ತುಂಬ ಮಡ್ಡಿ ಕಟ್ಟಿತ್ತು, ಅಷ್ಟೇ. ತೊಳೆದು, ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದರೆ ಮುಳ್ಳು ಮೆಲ್ಲಗೆ ಎದ್ದು ನಡುವಿಗೆ ಬಂದು ನಿಂತಿತು. ಆಂಟಿ ಗಂಡನ ಕೈ ಹಿಡಿದು, ತಮ್ಮ ಕೊಂಕಣಿಯಲ್ಲಿ, ನೀವು ಹೇಳುತ್ತಿದ್ದದ್ದು ಇದನ್ನೇ ಅಲ್ಲವಾ ಎಂದು ಕೇಳಿ ಅತ್ತುಬಿಟ್ಟರು. ಅಂಕಲ್ ತಲೆಯಾಡಿಸಿ ನಕ್ಕರು.

ಕೊನೆಯವರೆಗೂ ಅವರ ಸಂಜೆಯ ಸುತ್ತು ನಿಲ್ಲಲಿಲ್ಲ. ಮಾತೆ ಮರಿಯಮ್ಮ ಜೀಪಿನ ಮುಂದಿನ ಗಾಜಿನ ಮೂಲೆಗೆ ಸರಿದಿದ್ದರು.

ಅಂಕಲ್ ಹೋಗಿ ವರ್ಷಗಳಾದವು. ಮೊನ್ನೆ ಗ್ಯಾರೇಜಿನವರು ಬರುವವರೆಗೆ ಕಾರಿನಲ್ಲಿ ಕುಳಿತು ಪಕ್ಕದ ಖಾಲಿ ಸೀಟು ನೋಡಿದೆ. ಈಗಿನ ಗಾಡಿ ತನಗೆ ಹುಷಾರಿಲ್ಲದಿದ್ದರೆ ದೀಪ ಹಚ್ಚಿ, ಸದ್ದು ಮಾಡಿ ಹೇಳುತ್ತದೆ. ಅಂಕಲ್‌ಗೆ ಇದ್ದದ್ದು ಒಂದು ಬೆರಳು. ಅದು ಇನ್ನೊಮ್ಮೆ ಬಡಿದರೆ ನಾನು ಕೈಮುಗಿಯುವುದಿಲ್ಲ, "ಎಂತ ಅಂಕಲ್?" ಎಂದು ಕೇಳುತ್ತೇನೆ.