ಮೆಷಿನ್ ತಾಗಿದ ಮೈ

ಮಗಳ ಮನೆಯಿಂದ ಬಂದ ಗೋದಾಮಿನಕ್ಕ ಬಟ್ಟೆಯ ಚೀಲವನ್ನು ಹೊಸ್ತಿಲ ಒಳಗಿಟ್ಟು ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಯಾವುದೋ ಬೇರೆ ನಾಯಿ ನಿಂತಿತ್ತು. ಬೂದಿ ಬಣ್ಣದ, ಸಣಕಲು ಮೈಯ, ತೋಯ್ದ ಇಲಿಯಂಥ ನಾಯಿ. ಅದು ಓಡಿಬಂದು ಅವಳ ಸೀರೆಗೆ ಮೂಗು ಒತ್ತಿದ ಮೇಲೆಯೇ ಗೊತ್ತಾದದ್ದು, ಇದು ತನ್ನ ನಾರಪ್ಪ ಎಂದು.

"ಹೇಗಿದ್ದಾನೆ? ಮದುಮಗನ ಥರ ಇಲ್ವಾ?" ಹಿಂದಿನಿಂದ ಗಂಡನ ದನಿ ಕೇಳಿಸಿತು. "ನೀನು ಬರೋದ್ರೊಳಗೆ ಮುಗಿಸ್ಬೇಕು ಅಂತ ಅಂಗಡಿ ಬಾಗಿಲು ತಡವಾಗಿ ತೆಗೆದೆ. ಕೈ ತಿರುಗಿಸೋ ಅಷ್ಟರಲ್ಲಿ ಕೆಲಸ ಮುಗೀತು. ನೀನು ಪಾಪ, ವಾರಗಟ್ಟಲೆ ಕೂತು ಒಂದೊಂದೇ ಕೀಳ್ತಿದ್ದೆ."

ಗಂಡನಿಗೆ ರಸ್ತೆಯ ತಿರುವಿನಲ್ಲಿ ಸಲೂನು ಇತ್ತು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಮೂಲೆಯಲ್ಲಿ ಪುಟ ಹರಿದ ಪತ್ರಿಕೆಗಳು. ಆ ರಸ್ತೆಯ ಗಂಡಸರೆಲ್ಲ ಒಂದಲ್ಲ ಒಂದು ದಿನ ಅವನ ಮುಂದೆ ತಲೆ ಬಗ್ಗಿಸಿದವರೇ. ಕೂದಲಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನಿದ್ದೀತು ಎಂಬ ಧೈರ್ಯ ಅವನದು. ಆ ಧೈರ್ಯದಲ್ಲೇ ನಾರಪ್ಪನ ಮೈಮೇಲೆ ಮೆಷಿನ್ ಓಡಿಸಿದ್ದ.

ನಾರಪ್ಪ ಟೆರಿಯರ್ ಜಾತಿಯ ನಾಯಿ. ಮೊಣಕಾಲೆತ್ತರ, ಮುದುಕನ ಗಡ್ಡ, ಕಣ್ಣು ಮುಚ್ಚುವ ಹುಬ್ಬು, ಮೈತುಂಬ ಕಾಲೊರೆಸುವ ಚಾಪೆಯ ನಾರಿನಂಥ ಒರಟು ಕೆಂಪು ಕೂದಲು. ಆ ಕೂದಲನ್ನು ಕತ್ತರಿಸಬಾರದು, ಕೀಳಬೇಕು. ಕೇಳಿದವರಿಗೆ ಹಿಂಸೆ ಅನ್ನಿಸುತ್ತದೆ. ಆದರೆ ಬೆಳೆದು ಸತ್ತ ಕೂದಲಿಗೆ ಬುಡದಲ್ಲಿ ಹಿಡಿತವಿರುವುದಿಲ್ಲ. ಎಡಗೈಯಿಂದ ಚರ್ಮವನ್ನು ಬಿಗಿ ಹಿಡಿದು, ಬಲಗೈಯ ಬೆರಳಿಗೆ ಸೀಮೆಸುಣ್ಣದ ಪುಡಿ ಸವರಿಕೊಂಡು, ಬೆಳೆದ ದಿಕ್ಕಿಗೇ ಎಳೆದರೆ ಮಾಗಿದ ಹಣ್ಣು ತೊಟ್ಟು ಕಳಚಿದ ಹಾಗೆ ಬಂದುಬಿಡುತ್ತದೆ. ಆ ಜಾಗದಲ್ಲಿ ಹೊಸ ಕೂದಲು ಅಷ್ಟೇ ಒರಟಾಗಿ, ಅಷ್ಟೇ ಕೆಂಪಾಗಿ ಹುಟ್ಟುತ್ತದೆ. ಕತ್ತರಿಸಿದರೆ ಸತ್ತದ್ದು ಬುಡದಲ್ಲೇ ಉಳಿದು, ಒಳಗಿನ ಮೆತ್ತನೆಯ ತುಪ್ಪುಳು ಮೇಲೆ ಬರುತ್ತದೆ. ಬಣ್ಣ ಹೋಗುತ್ತದೆ, ನೀರು ಜಾರಿಹೋಗದೆ ಒಳಗಿಳಿಯುತ್ತದೆ, ಕಸ ಅಂಟುತ್ತದೆ.

ಇದನ್ನೆಲ್ಲ ಅವಳಿಗೆ ಕಲಿಸಿದವನು ಗೋದಾಮಿನ ಹಳೆಯ ಕಾವಲುಗಾರ. ಕಾವಲು ಕೆಲಸವನ್ನು ಅವಳಿಗೆ ಬಿಟ್ಟು ಹೋಗುವಾಗ ಬೀಗದ ಕೈಯ ಜೊತೆಗೆ ಮರಿನಾಯಿಯನ್ನೂ ಅವಳ ಕೈಗಿತ್ತು, "ಸ್ನಾನ ಮಾಡಿಸಿ ಕೀಳಬೇಡಮ್ಮ, ಜಾರುತ್ತೆ. ಹೊಟ್ಟೆ, ಕಿವಿ ಕಡೆ ಮೆಲ್ಲಗೆ" ಎಂದಿದ್ದ. ಅಂದಿನಿಂದ ವಾರದ ರಜೆಯಲ್ಲಿ ಹಿತ್ತಿಲ ಬಾಗಿಲಿನ ಹತ್ತಿರ ಹಳೆ ಮೇಜು, ಮೇಜಿನ ಮೇಲೆ ಗೋಣಿತಾಟು, ತಾಟಿನ ಮೇಲೆ ನಾರಪ್ಪ. ಅವಳು ಕೀಳುತ್ತ ಹೋದಂತೆ ಅವನು ತೂಕಡಿಸುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಅವಳಿಗೆ ಹೀಗೆ ಮಾಡು, ಹಾಗೆ ಮಾಡು ಅನ್ನುತ್ತಿರಲಿಲ್ಲ. ಎಲ್ಲಿ ಎಷ್ಟು ತೆಗೆಯಬೇಕು, ಎಲ್ಲಿ ಬಿಡಬೇಕು, ಎಲ್ಲ ಅವಳದೇ ತೀರ್ಮಾನ. ಅವಳ ಬದುಕಿನಲ್ಲಿ ಅಂಥ ಜಾಗ ಇನ್ನೊಂದಿರಲಿಲ್ಲ.

"ಯಾರನ್ನ ಕೇಳಿ ಮಾಡಿದ್ರಿ?" ಎಂದಳು.

"ಕೇಳೋದೇನು? ನಾಯಿಕೂದಲು. ಹುಲ್ಲು ಕೊಯ್ದ ಹಾಗೆ. ಮತ್ತೆ ಬರುತ್ತೆ ಬಿಡೆ."

"ಬರೋದು ಅದೇ ಕೂದಲಲ್ಲ. ಎಷ್ಟು ಸಲ ಹೇಳಿದ್ದೆ?"

"ಅಯ್ಯೋ, ನಿನ್ನ ಬೆರಳು ನೋವು ನೋಡೋಕಾಗ್ದೆ ಮಾಡಿದ್ದು ಕಣೆ. ಒಳ್ಳೇದಕ್ಕೇ ಮಾಡಿದ್ದು."

ಒಳ್ಳೇದಕ್ಕೆ! ಆ ಮಾತು ಕಿವಿಗೆ ಬಿದ್ದದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಶಾಲೆ ಬಿಡಿಸಿದ ಅಪ್ಪನೂ ಅದನ್ನೇ ಹೇಳಿದ್ದ. ಅವಳ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟು, ನಿನ್ನ ಮಂಡಿಗೆ ಒಳ್ಳೇದು ಎಂದವನು ಇದೇ ಗಂಡ. ಪ್ರತಿ ಸಲವೂ ಅವಳು ಉಗುಳು ನುಂಗಿಕೊಂಡು ಸುಮ್ಮನಾಗಿದ್ದಳು. ಈ ಸಲ ಹಾಗಾಗಲಿಲ್ಲ.

"ಮದುವೆಯಾದ ಹೊಸದರಲ್ಲಿ ನಂಗೆ ಜ್ವರ ಬಂದಿತ್ತು. ನೆನಪಿದ್ಯಾ?" ಎಂದಳು. "ಸೊಂಟದ ತನಕ ಜಡೆ ಇತ್ತು. ಎಚ್ಚರ ಆದಾಗ ಕತ್ತಿಗೆ ಗಾಳಿ ತಾಗ್ತಿತ್ತು. ತಲೆ ಭಾರ ಕಡಿಮೆಯಾದ್ರೆ ಜ್ವರ ಬೇಗ ಇಳಿಯುತ್ತೆ ಅಂದ್ರಿ ನೀವು. ಒಳ್ಳೇದಕ್ಕೆ ಅಂದ್ರಿ. ನಾನು ಸುಮ್ನಿದ್ದೆ ನೋಡಿ, ಅದೇ ನಾನು ಮಾಡಿದ ತಪ್ಪು."

ಗಂಡನ ಮುಖದ ನಗು ಅರ್ಧಕ್ಕೇ ನಿಂತಿತು. "ಅದನ್ನ ಈಗ ಯಾಕೆ ತೆಗೀತೀಯ? ಜ್ವರ ಇಳೀತಲ್ಲ?"

"ಇಳೀತು. ಸಿಟ್ಟು ಇಳೀಲಿಲ್ಲ."

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಊಟದ ತಟ್ಟೆ ಮಾತ್ರ ಅವನ ಮುಂದೆ ಠಣ್ ಎಂದು ಕೂರುತ್ತಿತ್ತು. ಮಗಳಿಗೆ ಸುದ್ದಿ ಮುಟ್ಟಿ ಫೋನು ಮಾಡಿದಳು. "ಏನಮ್ಮ, ನಾಯಿಗೋಸ್ಕರ ಅಪ್ಪನ ಜೊತೆ ಟೂ ಬಿಟ್ಟಿದ್ದೀಯಂತೆ? ಅಪ್ಪ ಅಳೋದೊಂದು ಬಾಕಿ."

"ಅಳಲಿ. ಕಣ್ಣಿಗೆ ಒಳ್ಳೇದು" ಎಂದು ಫೋನಿಟ್ಟಳು.

ಬೆಳಗ್ಗೆ ಅವಳ ಹಿಂದೆ ಗೋದಾಮಿಗೆ ಹೋಗಿ ಸಂಜೆ ಅವಳ ಹಿಂದೆಯೇ ಬರುವುದು ನಾರಪ್ಪನ ದಿನಚರಿ. ಅದು ಕಾಳಿನ ಮೂಟೆಗಳ ಗೋದಾಮು. ತಗಡಿನ ಸೂರು, ಸೂರಿನ ತನಕ ಪೇರಿಸಿದ ಮೂಟೆಗಳ ಅಟ್ಟಿ, ಅಟ್ಟಿಗೂ ಗೋಡೆಗೂ ನಡುವೆ ಕತ್ತಲ ಸಂದು. ಆ ಸಂದಿನಲ್ಲಿ ಹೆಗ್ಗಣಗಳ ಸಂಸಾರ. ಅವುಗಳ ಬೆನ್ನಟ್ಟಿ ನಾರಪ್ಪ ಒಳನುಗ್ಗುತ್ತಿದ್ದದ್ದು ತನ್ನ ಒರಟು ಕೂದಲಿನ ಭರವಸೆಯಲ್ಲೇ. ಗೋಡೆಯ ಕಲ್ಲು ಮೈಗೆ ತಾಗುತ್ತಿರಲಿಲ್ಲ, ಹೆಗ್ಗಣದ ಹಲ್ಲಿಗೆ ಬಾಯ್ತುಂಬ ನಾರೇ ಸಿಗುತ್ತಿತ್ತು, ಚರ್ಮ ಸಿಗುತ್ತಿರಲಿಲ್ಲ. ಈಗ ಮೂಟೆ ಹೊರುವವರು ಅವನನ್ನು ನೋಡಿ, "ಇವನು ನಾರಪ್ಪ ಅಲ್ಲ, ಹತ್ತಿಯಪ್ಪ!" ಎಂದು ಬಿದ್ದುಬಿದ್ದು ನಕ್ಕರು. ಅಕ್ಕ ನಗಲಿಲ್ಲ. ಕೊರಳಿಗೆ ಹಗ್ಗ ಹಾಕಿ ಕಚೇರಿಯ ಮೇಜಿನ ಕಾಲಿಗೆ ಕಟ್ಟಿದಳು. ಅವನು ಹಗ್ಗ ಕಡಿದುಕೊಂಡು ಸಂದಿಗೆ ನುಗ್ಗಿದ. ತನ್ನ ಮೈಮೇಲಿನ ಕವಚ ಹೋಗಿದೆ ಎಂದು ಅವನಿಗೆ ಹೇಳುವವರು ಯಾರು?

ಹೊರಗೆ ಬಂದಾಗ ಬಾಯಲ್ಲಿ ಹೆಗ್ಗಣವಿತ್ತು, ಪಕ್ಕೆಯಲ್ಲಿ ರಕ್ತವಿತ್ತು. ಎರಡು ದಿನಕ್ಕೆ ಗಾಯ ಕೀವಾಯಿತು. ಪಶುವೈದ್ಯರು ತೊಳೆದು ಔಷಧಿ ಹಚ್ಚಿ, ಮಾಯುವ ತನಕ ಸಂದಿಗೆ ಬಿಡಬೇಡಿ ಎಂದರು. ನಾಯಿ ಒಳಗೆ ಹೋಗದೆ ಹೆಗ್ಗಣಗಳಿಗೆ ಹಬ್ಬವಾಯಿತು. ಕೆಳಸಾಲಿನ ಮೂಟೆಗಳೆಲ್ಲ ತೂತು.

ಗೋದಾಮಿನ ಯಜಮಾನ ತೂತಿನ ಮೂಟೆಯೊಂದನ್ನು ಬೂಟಿನ ತುದಿಯಿಂದ ಒತ್ತಿ ನೋಡಿ, "ನಾಳೆ ವಿಷದ ಉಂಡೆ ಇಡಿಸ್ತೀನಿ" ಎಂದ. "ಇನ್ಮೇಲೆ ನಾಯಿ ಒಳಗೆ ಬರೋದು ಬೇಡ. ಮನೇಲಿ ಆರಾಮಾಗಿರಲಿ. ನಿಮಗೂ ಒಂದು ತಲೆನೋವು ಕಡಿಮೆ, ಒಳ್ಳೇದೇ ಆಯ್ತಲ್ಲ?"

ಅವನು ಕೆಟ್ಟವನಲ್ಲ. ಆದರೆ ಆ ಕೊನೆಯ ಮಾತು ಬೂದಿ ಮುಚ್ಚಿದ ಕೆಂಡವನ್ನು ಊದಿಬಿಟ್ಟಿತು.

"ಯಜಮಾನ್ರೇ, ನಂಗೆ ಯಾವುದು ಒಳ್ಳೇದು ಅಂತ ಒಂದು ಸಲ ನನ್ನನ್ನೇ ಕೇಳಿ ನೋಡಿ" ಎಂದಳು ಅಕ್ಕ. ದನಿ ಎಷ್ಟು ಜೋರಾಗಿತ್ತೆಂದರೆ ಮೂಟೆ ಹೊತ್ತವರು ಹೊತ್ತ ಹಾಗೇ ನಿಂತರು. "ವಿಷ ತಿಂದ ಹೆಗ್ಗಣ ಅಟ್ಟಿಯೊಳಗೇ ಸತ್ತು ನಾರುತ್ತೆ. ಆ ಕಾಳನ್ನ ಯಾರ ಮನೆಗೆ ಕಳಿಸ್ತೀರಿ? ಉಂಡೆ ಇಡೋದಾದ್ರೆ ಬೀಗದ ಕೈ ತಗೊಳ್ಳಿ. ನಾಯಿ ಬರಬಾರದ ಕಡೆ ನಾನೂ ಬರಲ್ಲ."

"ಒಂದು ನಾಯಿಗೋಸ್ಕರ ಇಷ್ಟೊಂದು ಕೋಪನಾ ಅಕ್ಕ?"

"ನಾಯಿಗೋಸ್ಕರ ಮಾತ್ರ ಅಲ್ಲ. ಅದಿರಲಿ ಬಿಡಿ. ಅಟ್ಟಿಗಳನ್ನ ಗೋಡೆಯಿಂದ ಮೂರಡಿ ಈಚೆಗೆ ಎಳೆಸಿ. ಗೋಡೆ ಬುಡದ ತೂತಿಗೆ ತಂತಿಬಲೆ ಬಡಿಸಿ. ಬಯಲಲ್ಲಾದ್ರೆ ಇವನ ಮೈಗೆ ಕಲ್ಲು ತಾಗಲ್ಲ, ಹೆಗ್ಗಣಕ್ಕೆ ಅಡಗೋಕೆ ಜಾಗ ಇರಲ್ಲ. ಗಾಯ ಮಾಯ್ಲಿ, ಆಮೇಲೂ ಮೂಟೆ ತೂತಾದ್ರೆ ಮಾತಾಡೋಣ."

ಯಜಮಾನ ಅವಳ ಮುಖ ನೋಡಿದ, ಬೀಗದ ಕೈ ನೋಡಿದ. ಅಷ್ಟು ವರ್ಷ ಅವಳ ಬಾಯಿಂದ 'ಆಯ್ತು' ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. "ಎಳೀರಪ್ಪ ಈಚೆಗೆ" ಎಂದು ಮೂಟೆಯವರಿಗೆ ಹೇಳಿ ಹೊರಟುಹೋದ.

ತಂತಿಬಲೆ ಬಡಿಯಲು ಸಲೂನಿನ ರಜಾದಿನ ಗಂಡನೇ ಸುತ್ತಿಗೆ ಹಿಡಿದು ಬಂದ. ಯಾರೂ ಕರೆದಿರಲಿಲ್ಲ. ಮೊಳೆಯ ಬದಲು ಹೆಬ್ಬೆರಳಿಗೇ ಹೊಡೆದುಕೊಂಡ. ಅವಳು ಅಯ್ಯೋ ಎನ್ನಲಿಲ್ಲ.

"ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಅಂತಾರೆ ಕಣೆ" ಎಂದ ಬೆರಳು ಚೀಪುತ್ತ.

"ಕೊಯ್ದೋರು ಯಾರು? ಸಿಟ್ಟಲ್ಲಿದ್ದ ನಾನಾ, ನಗ್ತಾ ನಗ್ತಾ ಕೊಯ್ದ ನೀವಾ?"

ಅವನು ಬಲೆಯ ಕಡೆ ತಿರುಗಿದ.

ಗಾಯ ಮಾಯಿತು. ಬಯಲಾದ ನೆಲದಲ್ಲಿ ನಾರಪ್ಪ ಓಡಿಓಡಿ ಹಿಡಿದ. ಮೂಟೆಗಳ ತೂತು ಕಡಿಮೆಯಾಯಿತು, ವಿಷದ ಮಾತು ಯಜಮಾನನ ಬಾಯಲ್ಲಿ ಮತ್ತೆ ಬರಲಿಲ್ಲ. ಆದರೆ ಕೂದಲು ಅವಳು ಅಂದಂತೆಯೇ ಬಂತು. ಮೆತ್ತಗೆ, ಬೂದಿಬಣ್ಣಕ್ಕೆ, ಮುಟ್ಟಿದರೆ ಹತ್ತಿ. ಅದನ್ನು ಹಳೆಯ ದಾರಿಗೆ ತರಬೇಕಾದರೆ ತುಪ್ಪುಳನ್ನು ಬಾಚಿ ಬಾಚಿ ತೆಗೆದು, ಅದರ ನಡುವೆ ಎಲ್ಲೋ ಒಂದೊಂದು ಸತ್ತದ್ದನ್ನು ಹುಡುಕಿ ಕೀಳಬೇಕು. ತಿಂಗಳುಗಟ್ಟಲೆಯ ಕೆಲಸ. ಪೂರ್ತಿ ಮೊದಲಿನಂತೆ ಆಗುವುದೂ ಅನುಮಾನ. ಪ್ರತಿ ಸಲ ಮೇಜಿನ ಮೇಲೆ ಗೋಣಿತಾಟು ಹಾಸುವಾಗ ಅವಳಿಗೆ ಹೊಸದಾಗಿ ಸಿಟ್ಟು ಬರುತ್ತಿತ್ತು. ಆದರೆ ಬೆರಳಿಗೆ ಸಿಟ್ಟು ಇಳಿದರೆ ನಾಯಿಗೆ ನೋವಾಗುತ್ತದೆ. ಅದಕ್ಕೇ ಮೊದಲು ಪಾತ್ರೆಗಳನ್ನು ದಡದಡ ತಿಕ್ಕಿ, ಆಮೇಲೆ ಬಾಚಣಿಗೆ ಹಿಡಿಯುತ್ತಿದ್ದಳು.

ಒಂದು ರಜಾದಿನ ಗಂಡ ಬಂದು ಮೇಜಿನಿಂದ ಒಂದು ಮಾರು ದೂರದಲ್ಲಿ ನಿಂತ. ಅವನ ಕೈಗಳಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಕೊನೆಗೆ ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇನ್ನೊಂದು ಪಕ್ಕ ನಾನು ಬಾಚಲಾ?" ಎಂದ.

ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನ್ನನ್ನು ಏನನ್ನಾದರೂ ಹೀಗೆ ಕೇಳಿದ್ದು ಅವಳಿಗೆ ನೆನಪಾಗಲಿಲ್ಲ.

"ಬೇಡ" ಎಂದಳು.

ಒಳ್ಳೇದಕ್ಕೇ ಅಂತ ಏನೋ ಹೇಳಲು ಅವನು ಬಾಯಿ ತೆರೆದ. ಅವಳು ತಲೆಯೆತ್ತಿ ನೋಡಿದಳು. ಅವನು ಬಾಯಿ ಮುಚ್ಚಿ, "ಆಯ್ತು" ಎಂದು ಒಳಗೆ ಹೋದ.

ಅವಳು ನಾರಪ್ಪನ ಬೆನ್ನಿನ ಚರ್ಮವನ್ನು ಎಡಗೈಯಲ್ಲಿ ಬಿಗಿ ಹಿಡಿದು, ಸತ್ತ ಕೂದಲೊಂದನ್ನು ಹುಡುಕಿ, ಬೆಳೆದ ದಿಕ್ಕಿಗೆ ಎಳೆದಳು.